ಮೂರು ಕೆ.ಜಿ. ತೂಕದ ಬೇಟೆನಾಯಿ

ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ, ಗೋಡೆಗೂ ಕಟ್ಟೆಗೂ ನಡುವೆ, ಕೈ ತೂರದಷ್ಟು ಒಂದು ಸಂದು ಇದೆ. ಒಂದು ಮಳೆಗಾಲದ ರಾತ್ರಿ ನಮ್ಮ ಪುಟ್ಟಿ ಆ ಸಂದಿನ ಮುಂದೆ ನಿಂತವಳು ಎರಡು ಗಂಟೆ ಅಲ್ಲಾಡಲಿಲ್ಲ. ಬಾಲ ನೆಟ್ಟಗೆ, ಒಂದು ಮುಂಗಾಲು ಅರ್ಧ ಎತ್ತಿ, ಎರಡೂ ಕಿವಿ ಮುಂದಕ್ಕೆ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ, ಡಬ್ಬಿ ಅಲ್ಲಾಡಿಸಿದರೂ ತಿರುಗಲಿಲ್ಲ. ಅವಳ ತೂಕ 2.9 ಕೆ.ಜಿ. ನೆತ್ತಿಯ ಮೇಲೆ ಅಮ್ಮ ಬೆಳಿಗ್ಗೆ ಕಟ್ಟಿದ್ದ ಕೆಂಪು ರಿಬ್ಬನ್ನು ಹಾಗೇ ಇತ್ತು. ಹನ್ನೊಂದೂವರೆಯ ಹೊತ್ತಿಗೆ ಇಲಿ ಹೊರಗೆ ನುಗ್ಗಿತು. ನಾನು ಪೊರಕೆ ಎತ್ತುವಷ್ಟರಲ್ಲಿ ಪುಟ್ಟಿ ಅದರ ಕತ್ತು ಹಿಡಿದು ಎರಡು ಸಲ ಬಲವಾಗಿ ಒದರಿ ನೆಲಕ್ಕೆ ಹಾಕಿದ್ದಳು. ಕೂಗಿಲ್ಲ, ರಕ್ತವಿಲ್ಲ. ಒಂದು ಸಲ ಮೂಸಿ ನೋಡಿ, ಹೋಗಿ ನೀರು ಕುಡಿದಳು.

ಯಾರೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ಅವಳು ಹುಟ್ಟಿದ್ದು ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ, ಬೆಳೆದದ್ದು ನಮ್ಮ ಸೋಫಾದ ಮೇಲೆ. ಅವಳ ಜಾತಿ ಯಾರ್ಕ್‌ಷೈರ್ ಟೆರಿಯರ್. ನಮ್ಮಲ್ಲಿ ಎಲ್ಲರೂ ಯಾರ್ಕಿ ಎನ್ನುತ್ತಾರೆ. ಈ ನಾಯಿ ಸಾಕುವವರೂ ಸಾಕಬೇಕೆಂದಿರುವವರೂ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಆ ರಾತ್ರಿ ನನ್ನ ಕಣ್ಣೆದುರೇ ನಡೆಯಿತು. ನೂರೈವತ್ತು ವರ್ಷದಲ್ಲಿ ಮನುಷ್ಯರು ಇದರ ಮೈಯನ್ನು ಕುಗ್ಗಿಸಿದರು. ಮನಸ್ಸು ಮಾತ್ರ ಹಳೆಯ ಅಳತೆಯಲ್ಲೇ ಉಳಿಯಿತು. ಮೈಯೊಳಗೂ ಎಲ್ಲ ಅಂಗಗಳು ಒಂದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಇದರ ಕಾಯಿಲೆ, ಇದರ ಹಟ, ಇದರ ಊಟ, ಇದರ ಬೊಗಳು, ಎಲ್ಲವೂ ಈ ಅಳತೆ ತಪ್ಪಿದ ಜಾಗಗಳಿಂದಲೇ ಹುಟ್ಟುತ್ತವೆ.

ಗಿರಣಿ ಊರುಗಳ ನಾಯಿ

ಟೆರಿಯರ್ ಎಂಬ ಮಾತಿನ ಬೇರು ಲ್ಯಾಟಿನ್ನಿನ ತೆರ್ರಾ, ಅಂದರೆ ನೆಲ. ನೆಲದೊಳಗೆ ಇಳಿಯುವ ನಾಯಿ ಎಂದರ್ಥ. ನಮ್ಮ ಮುಧೋಳ ನಾಯಿಯ ಜೊತೆ ಇಟ್ಟು ನೋಡಿದರೆ ಅರ್ಥ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಮುಧೋಳದ್ದು ಕಣ್ಣಿನ ಬೇಟೆ. ಬಯಲಿನಲ್ಲಿ ಮೊಲ ಕಂಡರೆ ಉದ್ದನೆಯ ಕಾಲು ಚಾಚಿ ಓಡಿ ಹಿಡಿಯುತ್ತದೆ. ಟೆರಿಯರ್ ಬಿಲದ ಬಾಯಲ್ಲಿ ಕಾಯುತ್ತದೆ, ಕೆರೆಯುತ್ತದೆ, ಒಳಗೆ ನುಗ್ಗುತ್ತದೆ, ಕತ್ತಲಲ್ಲಿ ಎದುರಾದದ್ದನ್ನು ಒಂಟಿಯಾಗಿ ಎದುರಿಸುತ್ತದೆ. ಬ್ರಿಟನ್ನಿನಲ್ಲಿ ನರಿ, ನೀರುನಾಯಿ, ಇಲಿಗಳ ಕಾಟಕ್ಕೆಂದು ಊರೂರಿನವರು ತಮ್ಮ ತಮ್ಮ ನೆಲಕ್ಕೆ ಹೊಂದುವ ಟೆರಿಯರುಗಳನ್ನು ಬೆಳೆಸಿಕೊಂಡರು. ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಯ ಮೇಲೆ ಕಹಳೆಗೆ ಕಿವಿಗೊಟ್ಟು ಕೂತಿರುತ್ತಿದ್ದ ನಾಯಿ ನೆನಪಿದೆಯಲ್ಲ, ಬ್ರಿಸ್ಟಲ್ ಊರಿನ ನಿಪ್ಪರ್, ಅದೂ ಟೆರಿಯರ್ ಬಳಗದ್ದೇ.

ಯಾರ್ಕಿಯ ಕಥೆ ಇಂಗ್ಲೆಂಡಿನ ಉತ್ತರ ಭಾಗದ ಗಿರಣಿಗಳಲ್ಲಿ ಶುರುವಾಗುತ್ತದೆ. 19ನೇ ಶತಮಾನದಲ್ಲಿ ಕೆಲಸ ಹುಡುಕಿಕೊಂಡು ಸ್ಕಾಟ್ಲೆಂಡಿನಿಂದ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಗೆ ನೇಕಾರ ಕುಟುಂಬಗಳು ಬಂದವು. ಬರುವಾಗ ತಮ್ಮ ಸಣ್ಣ ಟೆರಿಯರುಗಳನ್ನೂ ತಂದರು. ಪೇಸ್ಲಿ ಟೆರಿಯರ್, ಕ್ಲೈಡ್ಸ್‌ಡೇಲ್ ಟೆರಿಯರ್ ಎಂದು ಕರೆಯುತ್ತಿದ್ದ ಆ ತಳಿಗಳು ಈಗ ಇಲ್ಲ. ಅವು ಅಲ್ಲಿನ ನಾಯಿಗಳ ಜೊತೆ ಬೆರೆತು ಹೊಸದೊಂದು ರೂಪ ಬಂತು. ಬಟ್ಟೆ ಗಿರಣಿಯಲ್ಲಿ ಇಲಿ ಹಿಡಿಯುವುದು ಇದರ ಕೆಲಸ. ಕೂಲಿಯವರ ಒಂದು ಕೋಣೆಯ ಮನೆಯಲ್ಲಿ ಹಿಡಿಸಬೇಕು, ಕಡಿಮೆ ತಿನ್ನಬೇಕು, ಆದರೆ ಇಲಿ ಕಂಡರೆ ಹಿಂದೆ ಸರಿಯಬಾರದು. ಸಣ್ಣ ಮೈ, ದೊಡ್ಡ ಎದೆ ಎರಡೂ ಒಟ್ಟಿಗೆ ಬೇಕಾಗಿದ್ದವು. ಅದನ್ನೇ ಆರಿಸಿ ಬೆಳೆಸಿದರು. ರೇಷ್ಮೆಯಂಥ ಇದರ ಕೂದಲನ್ನು ಕಂಡು, ಇದೂ ಮಗ್ಗದಲ್ಲೇ ನೇಯ್ದದ್ದು ಎಂದು ಜನ ಹೇಳುತ್ತಿದ್ದರಂತೆ.

ಈ ತಳಿಯ ಮೂಲಪುರುಷ ಎನಿಸಿಕೊಂಡದ್ದು ಹಡರ್ಸ್‌ಫೀಲ್ಡ್ ಬೆನ್ ಎಂಬ ಗಂಡು ನಾಯಿ. 1865ರಲ್ಲಿ ಹುಟ್ಟಿ, ಪ್ರದರ್ಶನಗಳಲ್ಲಿ ಬಹುಮಾನದ ಮೇಲೆ ಬಹುಮಾನ ಗೆದ್ದು, 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತಿತು. ಬದುಕಿದ್ದು ಆರು ವರ್ಷ ಮಾತ್ರ. ಇಂದಿನ ಯಾರ್ಕಿಗಳ ವಂಶ ಹಿಡಿದು ಹಿಂದಕ್ಕೆ ಹೋದರೆ ಬೆನ್ ಸಿಗುತ್ತಾನೆ. ಅವನು ಇಂದಿನ ಯಾರ್ಕಿಗಳಿಗಿಂತ ಗಾತ್ರದಲ್ಲಿ ದೊಡ್ಡವನು. 1870ರ ಸುಮಾರಿಗೆ ಯಾರ್ಕ್‌ಷೈರ್ ಟೆರಿಯರ್ ಎಂಬ ಹೆಸರು ನಿಂತಿತು, 1886ರಲ್ಲಿ ನಾಯಿ ತಳಿಗಳನ್ನು ದಾಖಲಿಸುವ ಇಂಗ್ಲೆಂಡಿನ ಸಂಸ್ಥೆ ಕೆನಲ್ ಕ್ಲಬ್ ತಳಿಯನ್ನು ಮಾನ್ಯ ಮಾಡಿತು. ಅಷ್ಟು ಹೊತ್ತಿಗೆ ಶ್ರೀಮಂತ ಹೆಂಗಸರ ತೊಡೆಯ ಮೇಲೆ ಇದಕ್ಕೆ ಜಾಗ ಸಿಕ್ಕಿತ್ತು. ಗಾತ್ರವನ್ನು ಇನ್ನಷ್ಟು, ಮತ್ತಷ್ಟು ಇಳಿಸುತ್ತ ಹೋದರು. ಇವತ್ತು ಪ್ರದರ್ಶನದ ನಿಯಮದ ಪ್ರಕಾರ ತೂಕ 3.2 ಕೆ.ಜಿ. ಮೀರುವಂತಿಲ್ಲ.

ಮನಸ್ಸು ಅದೇ ಉಳಿಯಿತು ಎಂದೆನಲ್ಲ, ಅದಕ್ಕೆ ಎರಡನೇ ಮಹಾಯುದ್ಧದ ಸ್ಮೋಕಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನ್ಯೂ ಗಿನಿಯ ಕಾಡಿನ ಕಂದಕವೊಂದರಲ್ಲಿ ಸಿಕ್ಕಿದ ಈ ಯಾರ್ಕಿಯನ್ನು ಬಿಲ್ ವಿನ್ ಎಂಬ ಅಮೆರಿಕದ ಸೈನಿಕ 2 ಆಸ್ಟ್ರೇಲಿಯನ್ ಪೌಂಡು ಕೊಟ್ಟು ಕೊಂಡ. ತೂಕ ಎರಡು ಕೆ.ಜಿ.ಗೂ ಕಡಿಮೆ. 1945ರಲ್ಲಿ ಫಿಲಿಪ್ಪೀನ್ಸಿನ ಲೂಸಾನ್ ದ್ವೀಪದ ವಿಮಾನ ನೆಲೆಯಲ್ಲಿ ರನ್‌ವೇ ಕೆಳಗಿನಿಂದ ದೂರವಾಣಿ ತಂತಿ ಎಳೆಯಬೇಕಿತ್ತು. ಅಗೆದು ಹಾಕಲು ಮೂರು ದಿನ ಬೇಕು, ಮೇಲೆ ಶತ್ರು ವಿಮಾನಗಳ ಭಯ. ನೆಲದಡಿ 8 ಅಂಗುಲ ಅಗಲದ, 70 ಅಡಿ ಉದ್ದದ ಕೊಳವೆ ಇತ್ತು, ಅಲ್ಲಲ್ಲಿ ಅರ್ಧ ಮಣ್ಣು ತುಂಬಿತ್ತು. ಸ್ಮೋಕಿಯ ಪಟ್ಟಿಗೆ ದಾರ ಕಟ್ಟಿ ಒಂದು ತುದಿಯಲ್ಲಿ ಒಳಗೆ ಬಿಟ್ಟು, ಇನ್ನೊಂದು ತುದಿಯಲ್ಲಿ ವಿನ್ ನಿಂತು ಕರೆದ. ಕತ್ತಲ ಕೊಳವೆಯಲ್ಲಿ ಅವಳು ತೆವಳಿ ಬಂದಳು. ಕರೆದರೆ ಬರುವುದನ್ನು ವಿನ್ ಕಲಿಸಿದ್ದ. ಕತ್ತಲ ಸುರಂಗಕ್ಕೆ ಹೆದರದಿರುವುದು ಅವಳ ರಕ್ತದಲ್ಲೇ ಇತ್ತು.

ಕುಗ್ಗಿದ ಮೈಯ ಲೆಕ್ಕ

ಈಗ ಮೈಗೆ ಬರೋಣ. ನಾಯಿ ಸಣ್ಣದಾದರೆ ಎಲ್ಲವೂ ಅದೇ ಪ್ರಮಾಣದಲ್ಲಿ ಸಣ್ಣದಾಗುತ್ತದೆ ಎಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ. ಸುಮ್ಮನೆ ಕೂತಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಪಶುವೈದ್ಯರು ಲೆಕ್ಕ ಹಾಕುವ ಸೂತ್ರ ಒಂದಿದೆ. ಅದರ ಪ್ರಕಾರ 30 ಕೆ.ಜಿ. ಲ್ಯಾಬ್ರಡಾರಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಬೇಕು. 3 ಕೆ.ಜಿ. ಯಾರ್ಕಿಗೆ ಹತ್ತನೇ ಒಂದು ಭಾಗ, ಅಂದರೆ 90 ಸಾಕಲ್ಲವೇ? ಸಾಲದು, ಸುಮಾರು 160 ಬೇಕು. ಸಣ್ಣ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರಹು ಜಾಸ್ತಿ. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವ ಹಾಗೆ ಶಾಖ ಬೇಗ ಹೊರಗೆ ಹೋಗುತ್ತದೆ. ಒಳಗಿನ ಒಲೆ ಸದಾ ಜೋರಾಗಿ ಉರಿಯುತ್ತಲೇ ಇರಬೇಕಾಗುತ್ತದೆ.

ಒಲೆ ಜೋರು, ಸೌದೆಯ ಕೋಣೆ ಸಣ್ಣದು. ಉಪವಾಸದಲ್ಲಿ ರಕ್ತದ ಸಕ್ಕರೆಯನ್ನು ಕಾಯುವುದು ಲಿವರಿನಲ್ಲಿ ಕೂಡಿಟ್ಟ ದಾಸ್ತಾನು. ಯಾರ್ಕಿ ಮರಿಯಲ್ಲಿ ಆ ದಾಸ್ತಾನು ಕೆಲವೇ ಗಂಟೆಗೆ ಮುಗಿದುಹೋಗಬಹುದು. ಮೂರು ತಿಂಗಳೊಳಗಿನ ಮರಿ ಊಟ ತಪ್ಪಿಸಿದರೆ, ಚಳಿಗೆ ನಡುಗಿದರೆ, ಹೊಸ ಮನೆಯ ಗಾಬರಿಯಲ್ಲಿ ತಿನ್ನದಿದ್ದರೆ ಮಂಕಾಗಿ ತೂಗಾಡುತ್ತದೆ, ಕಾಲು ಸೋಲುತ್ತದೆ, ಫಿಟ್ಸ್ ಕೂಡ ಬರುತ್ತದೆ. ಅಂಥ ಹೊತ್ತಿನಲ್ಲಿ ಬೆರಳಿಗೆ ಜೇನುತುಪ್ಪವೋ ಸಕ್ಕರೆ ನೀರೋ ಹಚ್ಚಿ ಒಸಡಿಗೆ ಸವರಬೇಕು. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಬೆಚ್ಚಗೆ ಸುತ್ತಿಕೊಂಡು ನೇರ ಆಸ್ಪತ್ರೆಗೆ ಓಡಬೇಕು. ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಎನ್ನುವುದು ಇದೇ ಕಾರಣಕ್ಕೆ.

ಹಲ್ಲಿನ ಕಥೆಯೂ ಅದೇ. ದೊಡ್ಡ ನಾಯಿಗಿರುವಂತೆ ಇದಕ್ಕೂ 42 ಹಲ್ಲು. ದವಡೆ ಕುಗ್ಗಿದಷ್ಟು ಹಲ್ಲು ಕುಗ್ಗಿಲ್ಲ. ಹಬ್ಬದ ದಿನದ ಬಸ್ಸಿನಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಸಂದಿನಲ್ಲಿ ಸಿಕ್ಕಿದ ಕೂಳು ಕೊಳೆತು ಒಸಡು ಹಿಂದೆ ಸರಿಯುತ್ತದೆ. ಇನ್ನೊಂದು ತೊಂದರೆ, ಹಾಲುಹಲ್ಲು ಬೀಳದೆ ಅಲ್ಲೇ ಉಳಿಯುವುದು. ಆರೇಳು ತಿಂಗಳಾದ ಮೇಲೂ ಹೊಸ ಕೋರೆಹಲ್ಲಿನ ಪಕ್ಕ ಹಳೆಯದು ನಿಂತಿದ್ದರೆ ಕೀಳಿಸಬೇಕು. ದಿನಾ ಹಲ್ಲುಜ್ಜುವುದಕ್ಕೆ ಬದಲಿ ಇಲ್ಲ. ನಾಯಿಯ ಪೇಸ್ಟೇ ಬೇಕು, ನಮ್ಮದು ಬೇಡ. ನಮ್ಮ ಪೇಸ್ಟನ್ನು ಅವು ನುಂಗಿಬಿಡುತ್ತವೆ. ನಾನು ಮೊದಲ ನಾಲ್ಕು ವರ್ಷ ಇದನ್ನು ಉದಾಸೀನ ಮಾಡಿದೆ. ಐದನೇ ವರ್ಷ ಪುಟ್ಟಿಯ ಬಾಯಿ ನಾರತೊಡಗಿದಾಗ ಅರಿವಳಿಕೆ ಕೊಟ್ಟು ಆರು ಹಲ್ಲು ತೆಗೆಯಬೇಕಾಯಿತು. ಈಗ ರಾತ್ರಿ ನಾನು ಬ್ರಷ್ ಹಿಡಿದು ಕೂತರೆ ಸಾಕು, ಬಂದು ತೊಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಶ್ವಾಸನಾಳದ ಬಗ್ಗೆ. ಉಸಿರಿನ ಕೊಳವೆಯನ್ನು ತೆರೆದು ಹಿಡಿದಿರುವುದು ಸಾಲಾಗಿ ಜೋಡಿಸಿದ ಮೃದ್ವಸ್ಥಿಯ ಉಂಗುರಗಳು. ಅವು ಪೂರ್ತಿ ಉಂಗುರಗಳಲ್ಲ. ಹಿಂದುಗಡೆ ತೆರೆದಿರುತ್ತವೆ, ಆ ತೆರವಿಗೆ ಒಂದು ತೆಳು ಪೊರೆ. ಯಾರ್ಕಿಯಂಥ ಸಣ್ಣ ತಳಿಗಳ ಕೆಲವು ನಾಯಿಗಳಲ್ಲಿ ಈ ಉಂಗುರಗಳು ವಯಸ್ಸಾದಂತೆ ಬಿಗಿ ಕಳೆದುಕೊಂಡು ಚಪ್ಪಟೆಯಾಗುತ್ತವೆ, ಪೊರೆ ಒಳಕ್ಕೆ ಜೋತುಬೀಳುತ್ತದೆ. ಉಸಿರೆಳೆದಾಗ ಕೊಳವೆ ಮುಚ್ಚಿಕೊಳ್ಳುತ್ತದೆ, ಎಳನೀರಿನಲ್ಲಿ ನೆನೆದ ಕಾಗದದ ಸ್ಟ್ರಾದಂತೆ. ಆಗ ಬರುವ ಕೆಮ್ಮು ಬಾತುಕೋಳಿ ಕೂಗಿದ ಹಾಗಿರುತ್ತದೆ. ಒಮ್ಮೆ ಕೇಳಿದರೆ ಮರೆಯುವ ಸದ್ದಲ್ಲ. ಇದರ ಜೊತೆ ಕಲಸಿಕೊಳ್ಳಬಾರದ ಇನ್ನೊಂದಿದೆ. ಕೆಲವೊಮ್ಮೆ ನಾಯಿ ನಿಂತಲ್ಲೇ ಕತ್ತು ಚಾಚಿ ಮೂಗಿನಿಂದ ಗೊರಗೊರ ಎಂದು ಉಸಿರು ಒಳಗೆಳೆಯುತ್ತದೆ, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಅದು ಹಿಮ್ಮುಖ ಸೀನು, ಸಾಮಾನ್ಯವಾಗಿ ಅಪಾಯವಿಲ್ಲ. ಎರಡನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ಆದ್ದರಿಂದ ಯಾರ್ಕಿಯ ಕುತ್ತಿಗೆಗೆ ಸರಪಳಿ ಕಟ್ಟಿ ಎಳೆಯಲೇಬಾರದು. ಹೆಸರಿನ ಬಿಲ್ಲೆಗೆ ತೆಳು ಪಟ್ಟಿ ಇರಲಿ, ಹಗ್ಗ ಮಾತ್ರ ಎದೆಗೆ ಹಾಕುವ ಹಾರ್ನೆಸ್ಸಿಗೆ. ತೂಕ ಏರದಂತೆ ನೋಡಿಕೊಳ್ಳುವುದೂ ಇದರದೇ ಚಿಕಿತ್ಸೆ. ಇನ್ನೊಂದು, ನಮ್ಮ ಮನೆಗಳ ಹೊಗೆ. ನಮ್ಮಲ್ಲಿ ಶುಕ್ರವಾರ ಸಾಂಬ್ರಾಣಿ, ದಿನಾ ಎರಡು ಹೊತ್ತು ಊದುಬತ್ತಿ, ಸಂಜೆ ಸೊಳ್ಳೆಬತ್ತಿ. ಪುಟ್ಟಿ ಮಲಗುವುದು ನೆಲದ ಮೇಲೆ, ಸೊಳ್ಳೆಬತ್ತಿ ಇಡುವುದೂ ನೆಲದ ಮೇಲೆ. ಅವಳ ಕೆಮ್ಮು ಶುಕ್ರವಾರ ಹೆಚ್ಚಾಗುತ್ತದೆ ಎಂದು ಮೊದಲು ಗಮನಿಸಿದ್ದು ಅಮ್ಮ. ಅಂದಿನಿಂದ ದೇವರ ಕೋಣೆಯ ಬಾಗಿಲು ಹಾಕಿ, ಕಿಟಕಿ ತೆರೆದು ಧೂಪ ಹಾಕುತ್ತಾರೆ. ಸೊಳ್ಳೆಬತ್ತಿ ಹೋಗಿ ಕಿಟಕಿಗೆ ಜಾಲರಿ ಬಂತು. ಔಷಧಿಯಷ್ಟೇ ಗುಣ ಇದರಿಂದ ಸಿಕ್ಕಿತು.

ಮೂಳೆ ಕೀಲುಗಳ ವಿಷಯ ಚುಟುಕಾಗಿ ಹೇಳುತ್ತೇನೆ. ನಡೆಯುತ್ತಿರುವಾಗ ಹಿಂಗಾಲೊಂದನ್ನು ಎತ್ತಿಕೊಂಡು ಎರಡು ಹೆಜ್ಜೆ ಕುಂಟಾಟ ಆಡಿ ಮತ್ತೆ ಸರಿಯಾಗಿ ನಡೆದರೆ, ಮಂಡಿಚಿಪ್ಪು ಜಾಗ ಬಿಟ್ಟು ಜಾರುತ್ತಿರಬಹುದು. ಒಂದು ವರ್ಷದೊಳಗಿನ ಮರಿ ಬಿಡದೆ ಕುಂಟಿದರೆ ಸೊಂಟದ ಕೀಲಿನ ಎಕ್ಸ್‌ರೇ ಆಗಬೇಕು. ರಕ್ತ ಸಂಚಾರ ತಪ್ಪಿ ತೊಡೆಮೂಳೆಯ ತಲೆ ಸವೆಯುವ ಕಾಯಿಲೆ ಸಣ್ಣ ತಳಿಗಳಲ್ಲಿ ಇದೆ. ಮುಂಗಾಲಿನ ಮೂಳೆಗಳಂತೂ ಪೆನ್ಸಿಲಿನಷ್ಟು ತೆಳು. ಸೋಫಾದಿಂದ ಹಾರಿದರೂ ಮುರಿಯಬಹುದು, ಮಣಿಕಟ್ಟಿನ ಹತ್ತಿರ ರಕ್ತ ಸಂಚಾರ ಕಡಿಮೆಯಾದ್ದರಿಂದ ಕೂಡಿಕೊಳ್ಳುವುದು ನಿಧಾನ. ಸಣ್ಣ ಮಕ್ಕಳು ಎತ್ತಿಕೊಳ್ಳಬೇಕೆಂದರೆ ನೆಲದ ಮೇಲೆ ಕೂತೇ ಎತ್ತಿಕೊಳ್ಳಲಿ. ನಮ್ಮ ಮನೆಯಲ್ಲಿ ಇದು ಕಟ್ಟುನಿಟ್ಟು.

ಲಿವರಿನ ಒಂದು ಹುಟ್ಟುದೋಷ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾರ್ಕಿಗಳಲ್ಲಿ ಅದು ಬೇರೆ ತಳಿಗಳಿಗಿಂತ ಹೆಚ್ಚು. ಕರುಳಿನಿಂದ ಹೊರಟ ರಕ್ತ ಮೊದಲು ಲಿವರಿಗೆ ಹೋಗಿ ಶುದ್ಧವಾಗಿ ಆಮೇಲೆ ಹೃದಯ ಸೇರಬೇಕು. ಕೆಲವು ಮರಿಗಳಲ್ಲಿ ಒಂದು ಅಡ್ಡ ರಕ್ತನಾಳ ಉಳಿದುಕೊಂಡು, ರಕ್ತ ಲಿವರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಊರೊಳಗಿನ ಚೆಕ್‌ಪೋಸ್ಟು ತಪ್ಪಿಸಿ ಬೈಪಾಸಿನಲ್ಲಿ ಲಾರಿ ಹೋದ ಹಾಗೆ. ಅಮೋನಿಯದಂಥ ವಿಷ ನೇರ ಮಿದುಳಿಗೆ ಮುಟ್ಟುತ್ತದೆ. ಮರಿ ಬೆಳೆಯುವುದಿಲ್ಲ, ಊಟವಾದ ಮೇಲೆ ಮಂಕಾಗುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಸುಮ್ಮನೆ ಸುತ್ತುತ್ತದೆ. ಊಟಕ್ಕೆ ಮೊದಲು ಮತ್ತು ಊಟದ ಎರಡು ಗಂಟೆ ನಂತರ ರಕ್ತ ತೆಗೆದು ಬೈಲ್ ಆಸಿಡ್ ಪರೀಕ್ಷೆ ಮಾಡಿದರೆ ಸುಳಿವು ಸಿಗುತ್ತದೆ. ಶಸ್ತ್ರಚಿಕಿತ್ಸೆಯೂ ಇದೆ. ನೋವಿನ ಸಂಗತಿಯೆಂದರೆ, ಬೆಳೆಯದ ಇಂಥ ಮರಿಯನ್ನೇ ಎಷ್ಟು ಪುಟಾಣಿ ನೋಡಿ ಎಂದು ಹೆಚ್ಚು ಬೆಲೆಗೆ ಮಾರುವವರಿದ್ದಾರೆ.

ಸಾರು, ಪಾಯಸ, ಹೋಳಿಗೆ

ದೊಡ್ಡ ಯಾರ್ಕಿಗೆ, ಓಡಾಟವೆಲ್ಲ ಸೇರಿ, ದಿನಕ್ಕೆ ಸುಮಾರು 250 ಕ್ಯಾಲೊರಿ ಸಾಕು. ಒಂದು ಮಾರಿ ಬಿಸ್ಕತ್ತಿನಲ್ಲಿ 25ರ ಆಸುಪಾಸು ಇರುತ್ತದೆ. ಅಂದರೆ ನೀವು ಪ್ರೀತಿಯಿಂದ ಹಾಕುವ ಒಂದು ಬಿಸ್ಕತ್ತು ಅವಳ ದಿನದ ಊಟದ ಹತ್ತನೇ ಒಂದು ಪಾಲು, ನಮಗೆ ಮೂರು ನಾಲ್ಕು ಇಡ್ಲಿ ತಿಂದಂತೆ. ಬಂದ ನೆಂಟರೆಲ್ಲ ಒಂದೊಂದು ಹಾಕಿದರೆ ಸಂಜೆಯೊಳಗೆ ಲೆಕ್ಕ ತಪ್ಪಿರುತ್ತದೆ. ನಮ್ಮ ಮನೆಯಲ್ಲಿ ನೆಂಟರ ಕೈಗೆ ಕೊಡುವುದು ಅವಳ ಪಾಲಿನ ಊಟದಿಂದಲೇ ತೆಗೆದಿಟ್ಟ ನಾಲ್ಕು ಕಾಳು. ಕೊಟ್ಟ ಸಂತೋಷ ಅವರಿಗೂ ಸಿಗುತ್ತದೆ.

ಅನ್ನ ಸಾರು ತಿಂದೇ ನಮ್ಮ ಹಳ್ಳಿಯ ನಾಯಿಗಳು ಬೆಳೆದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕದೆ ವಿವರಿಸಬೇಕು. ವಿಷ ಎನ್ನುವುದು ಪ್ರಮಾಣದ ಪ್ರಶ್ನೆ, ಪ್ರಮಾಣ ಮೈತೂಕದ ಪ್ರಶ್ನೆ. ಇಪ್ಪತ್ತು ಕೆ.ಜಿ. ನಾಯಿಗೆ ತಿಳಿಯದೆ ಹೋಗುವ ತುತ್ತು ಮೂರು ಕೆ.ಜಿ. ನಾಯಿಗೆ ಏಳು ಪಟ್ಟು ಭಾರ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಪೆಟ್ಟು ಕೊಡುತ್ತವೆ ಎಂದು ಬಹುದಿನದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಅಮೆರಿಕದ ಪಶು ವಿಷತಜ್ಞರು ಅದರಲ್ಲಿನ ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳಿಗೂ ಕಿಡ್ನಿ ಕೆಟ್ಟ ಪ್ರಕರಣಗಳನ್ನು ಅವರು 2022ರಲ್ಲಿ ವರದಿ ಮಾಡಿದರು. ಈ ಒಂದು ವಿಷಯ ಕನ್ನಡದ ಪ್ರತಿ ಅಡುಗೆಮನೆಗೂ ತಲುಪಬೇಕು ಎಂದು ನನಗನ್ನಿಸುತ್ತದೆ. ಹುಳಿ, ಸಾರು, ಗೊಜ್ಜು, ಪುಳಿಯೋಗರೆ, ಇವೆಲ್ಲ ನಮ್ಮ ತಟ್ಟೆಯಲ್ಲೇ ಇರಲಿ. ಪಾಯಸದ ದ್ರಾಕ್ಷಿ ನೆಲಕ್ಕೆ ಬಿದ್ದರೆ ತಕ್ಷಣ ಎತ್ತಿ.

ಹಬ್ಬದ ಮಾರನೆಯ ದಿನ ಪಶು ಆಸ್ಪತ್ರೆಗೆ ಬರುವ ಸಣ್ಣ ನಾಯಿಗಳ ಇನ್ನೊಂದು ಕಷ್ಟ ಪ್ಯಾಂಕ್ರಿಯಾಸಿನ ಉರಿಯೂತ. ತುಪ್ಪ ಸುರಿದ ಹೋಳಿಗೆ, ಕರಿದ ಬೋಂಡ, ಮಟನ್ನಿನ ಕೊಬ್ಬು ಒಮ್ಮೆಲೇ ಹೊಟ್ಟೆಗೆ ಹೋದರೆ ವಾಂತಿ ಹಿಡಿದು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ, ನಮಸ್ಕಾರ ಮಾಡುವ ಹಾಗೆ ನೋವಿನಿಂದ ಬಾಗಿ ನಿಲ್ಲುತ್ತದೆ. ಚಾಕೊಲೇಟು, ಜೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಸಕ್ಕರೆರಹಿತ ಚೂಯಿಂಗ್ ಗಮ್ಮೂ ಬೇಡ. ಜ್ವರವೆಂದು ಮನೆಯಲ್ಲಿರುವ ನೋವಿನ ಮಾತ್ರೆ ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ. ಮನೆಯ ಊಟವೇ ಹಾಕಬೇಕೆಂದಿದ್ದರೆ ಬೇಯಿಸಿದ ಕೋಳಿ, ಅನ್ನ, ಸಿಹಿಗುಂಬಳ, ಬೀನ್ಸು ಉಪ್ಪು ಖಾರ ಇಲ್ಲದೆ ಹಾಕಬಹುದು. ಆದರೆ ಅಷ್ಟರಿಂದಲೇ ಕ್ಯಾಲ್ಸಿಯಂ ಮುಂತಾದವು ಪೂರ್ತಿ ಸಿಗುವುದಿಲ್ಲ, ಡಾಕ್ಟರಿಂದ ಪಟ್ಟಿ ಬರೆಸಿಕೊಳ್ಳಿ.

ಇಲಿ ಹಿಡಿಯುವವಳಿಗೆ ಇಲಿಯಿಂದಲೇ ಅಪಾಯ

ಮೊದಲು ಹೇಳಿದ ಆ ರಾತ್ರಿಗೆ ಒಂದು ಉತ್ತರಾರ್ಧ ಇದೆ. ಮೂರನೇ ದಿನ ಪುಟ್ಟಿ ಮಂಕಾದಳು. ಒಸಡು ಬಿಳಚಿಕೊಂಡಿತ್ತು, ಹೊಟ್ಟೆಯ ಚರ್ಮದ ಮೇಲೆ ನೇರಳೆ ಕಲೆ. ಆಸುಪಾಸಿನಲ್ಲಿ ಯಾರೋ ಇಲಿಪಾಷಾಣದ ಬಿಲ್ಲೆ ಇಟ್ಟಿದ್ದರು, ಚರಂಡಿಯ ಬದಿಯಲ್ಲಿ ಅವಳು ಅದನ್ನು ನೆಕ್ಕಿರಬೇಕು. ಈ ಬಗೆಯ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ದಿನ ಏನೂ ಕಾಣುವುದಿಲ್ಲ, ಮೂರು ಐದು ದಿನಕ್ಕೆ ಒಳಗೊಳಗೇ ರಕ್ತ ಸೋರತೊಡಗುತ್ತದೆ. ವಿಷ ತಿಂದ ಇಲಿಯನ್ನು ತಿಂದರೂ ಅಪಾಯ ಇದೆ. ಇದಕ್ಕೆ ವಿಟಮಿನ್ ಕೆ1 ಮದ್ದು, ವಾರಗಟ್ಟಲೆ ಕೊಡಬೇಕು. ಪುಟ್ಟಿ ಉಳಿದಳು. ಜಿಂಕ್ ಫಾಸ್ಫೈಡ್ ಎಂಬ ಕಪ್ಪುಬಣ್ಣದ ಇನ್ನೊಂದು ಇಲಿಪಾಷಾಣಕ್ಕೆ ಮಾತ್ರ ಪ್ರತಿಮದ್ದೇ ಇಲ್ಲ, ಗಂಟೆಗಳಲ್ಲೇ ಕೆಲಸ ಮುಗಿಸುತ್ತದೆ. ನಾಯಿ ವಿಷ ತಿಂದದ್ದು ಕಣ್ಣಿಗೆ ಬಿದ್ದರೆ ಪ್ಯಾಕೆಟ್ಟನ್ನೂ ಜೊತೆಗೊಯ್ಯಿರಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇರೆಯಾಗುತ್ತದೆ.

ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ಸನ್ನು ನಾವು ಇಲಿಜ್ವರ ಎನ್ನುತ್ತೇವೆ. ಮಳೆಗಾಲದ ನಿಂತ ನೀರೇ ಅದರ ದಾರಿ. ನಾಯಿಯ ಕಿಡ್ನಿ, ಲಿವರ್ ಎರಡನ್ನೂ ಕೆಡಿಸುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಇಲಿಯ ಹಿಂದೆ ಬೀಳುವುದೇ ಸ್ವಭಾವವಾದ ನಾಯಿಗೆ ಈ ಲಸಿಕೆ ವರ್ಷ ವರ್ಷ ತಪ್ಪಲೇಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳಿಗೆ ಶುರುಮಾಡಿ ಡಾಕ್ಟರು ಬರೆದುಕೊಟ್ಟ ದಿನಕ್ಕೆ ಹಾಕಿಸುತ್ತ ಹೋಗಬೇಕು. ಡಿಸ್ಟೆಂಪರ್, ಪಾರ್ವೊ ಎಂಬ ಸೋಂಕು ರೋಗಗಳಿಗೆ ಆರರಿಂದ ಎಂಟು ವಾರದ ಮರಿಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಉಣುಗು ಉದ್ದ ಕೂದಲೊಳಗೆ ಅಡಗಿ ಕೂರುತ್ತದೆ. ಕಿವಿಯ ಒಳಮೈ, ಬೆರಳ ಸಂದು, ಬಾಲದ ಬುಡ ದಿನಾ ತಡವಿ ನೋಡಬೇಕು. ಉಣುಗಿನ ಜ್ವರ ನಮ್ಮ ಕಡೆ ನಾಯಿಗಳಿಗೆ ಅತಿ ಸಾಮಾನ್ಯ.

ಕೂದಲು

ಯಾರ್ಕಿಗೆ ಒಳತುಪ್ಪಳ ಇಲ್ಲ. ಒಂದೇ ಪದರ, ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುವ ನಯವಾದ ಎಳೆ. ಮರಿ ಹುಟ್ಟುವಾಗ ಕಪ್ಪು, ಅಲ್ಲಲ್ಲಿ ಕಂದು. ಎರಡು ಮೂರು ವರ್ಷಕ್ಕೆ ಬೆನ್ನು ಉಕ್ಕಿನ ನೀಲಿಗೆ, ಮುಖ ಕಾಲು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಉದುರುವುದು ಕಡಿಮೆ, ಆದ್ದರಿಂದ ಅಲರ್ಜಿ ಬರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಅಲರ್ಜಿ ತರಿಸುವ ಪ್ರೋಟೀನು ಇರುವುದು ಎಂಜಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಉಬ್ಬಸ ಇರುವವರು ನಾಯಿ ಇರುವ ಮನೆಯಲ್ಲಿ ನಾಲ್ಕಾರು ಸಲ ಕೂತು ಬಂದು ಆಮೇಲೆ ನಿರ್ಧರಿಸಲಿ.

ಉದುರದ ಕೂದಲು ಗಂಟಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಹಾರ್ನೆಸ್ ಉಜ್ಜುವಲ್ಲಿ ಎರಡೇ ದಿನಕ್ಕೆ ಜಡೆಗಟ್ಟುತ್ತದೆ. ಒಣಗೂದಲನ್ನು ಬಾಚಿದರೆ ಎಳೆ ತುಂಡಾಗುತ್ತದೆ. ಸ್ವಲ್ಪ ನೀರು ಸಿಂಪಡಿಸಿ, ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಬುಡದ ಕಡೆಗೆ ಬಿಡಿಸುತ್ತ ಬರಬೇಕು. ಹೆಣ್ಣುಮಕ್ಕಳ ಜಡೆ ಬಿಡಿಸಿ ರೂಢಿಯಿದ್ದ ಅಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ರದರ್ಶನಕ್ಕೆ ಕರೆದೊಯ್ಯದವರು ಮೈಕೂದಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿಟ್ಟರೆ ನಾಯಿಗೂ ಹಿತ, ಮನೆಯವರಿಗೂ ಹಿತ. ಚರ್ಮ ಕಾಣುವಷ್ಟು ಬೋಳಿಸಬೇಡಿ, ಬಿಸಿಲಿಗೆ ಸುಡುತ್ತದೆ. ಕಣ್ಣಿಗೆ ಬೀಳುವ ಕೂದಲನ್ನು ಕಟ್ಟಬೇಕು ಇಲ್ಲವೇ ಕತ್ತರಿಸಬೇಕು. ರಿಬ್ಬನ್ನು ಬಿಗಿಯಾಗಿ ಕಟ್ಟಿದರೆ ಹಣೆಯ ಚರ್ಮ ಎಳೆದು ಹುಣ್ಣಾಗುತ್ತದೆ. ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು, ಬುಡದವರೆಗೂ ಒಣಗಿಸಲೇಬೇಕು. ಒಳತುಪ್ಪಳ ಇಲ್ಲದ್ದರಿಂದ ಡಿಸೆಂಬರಿನ ಬೆಳಗಿಗೆ ಮೈಸೂರಿನಲ್ಲೂ ನಡುಗುತ್ತವೆ, ಒಂದು ಸ್ವೆಟರ್ ಅವಕ್ಕೆ ನಿಜವಾಗಿ ಬೇಕು.

ಮನಸ್ಸಿಗೆ ಕೆಲಸ

ನಾಯಿಯನ್ನು ಮರಳಿ ಕೊಟ್ಟುಬಿಡುತ್ತೇವೆ ಎನ್ನುವವರು ಹೇಳುವ ಮೊದಲ ದೂರು ಬೊಗಳು. ಟೆರಿಯರ್ ಬಿಲದೊಳಗೆ ಬೊಗಳಿದರೆ ಮಾತ್ರ ಮೇಲಿನ ಬೇಟೆಗಾರನಿಗೆ ಎಲ್ಲಿ ಅಗೆಯಬೇಕೆಂದು ಗೊತ್ತಾಗುತ್ತಿತ್ತು. ಬೊಗಳದ ನಾಯಿಯನ್ನು ಯಾರೂ ಮುಂದಿನ ಪೀಳಿಗೆಗೆ ಆರಿಸಲಿಲ್ಲ. ಲಿಫ್ಟಿನ ಸದ್ದಿಗೆ ಬೊಗಳುವ ಯಾರ್ಕಿ, ಇಲ್ಲಿ ಏನೋ ಇದೆ ಬಾ ಎಂದು ನಿಮ್ಮನ್ನು ಕರೆಯುತ್ತಿದೆ. ಗದರಿದರೆ ನೀವೂ ಜೊತೆಗೆ ಬೊಗಳಿದಂತೆ. ಎದ್ದು ಹೋಗಿ ಬಾಗಿಲಲ್ಲಿ ನೋಡಿ, ಆಯ್ತು, ಸಾಕು ಎಂದು ಒಂದೇ ದನಿಯಲ್ಲಿ ಹೇಳಿ, ಸುಮ್ಮನಾದ ಕ್ಷಣಕ್ಕೆ ಒಂದು ಕಾಳು ಕೊಡಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಎರಡು ತಿಂಗಳು ಹಿಡಿಯಿತು.

ಲ್ಯಾಬ್ರಡಾರ್ ಮೈಮೇಲೆ ಹಾರಿದರೆ ಎಲ್ಲರೂ ತಿದ್ದುತ್ತಾರೆ, ಯಾರ್ಕಿ ಹಾರಿದರೆ ಮುದ್ದು ಮಾಡುತ್ತಾರೆ. ಗುರ್ ಎಂದರೆ ನಗುತ್ತಾರೆ. ನೆಲಕ್ಕೆ ಬಿಡದೆ ಎತ್ತಿಕೊಂಡೇ ತಿರುಗುತ್ತಾರೆ. ಹೀಗೆ ಬೆಳೆದ ನಾಯಿಗೆ ಜಗತ್ತೆಲ್ಲ ಭಯ, ಭಯಕ್ಕೆ ಕಚ್ಚುವುದೇ ದಾರಿ. ಕೂರು, ಬಾ, ಬಿಡು, ಈ ಮೂರು ಮಾತು ಮೂರು ಕೆ.ಜಿ. ನಾಯಿಗೂ ಕಲಿಸಬೇಕು. ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷದಷ್ಟಾದರೂ ತನ್ನ ಕಾಲಲ್ಲೇ ನಡೆಯಲಿ, ನಿಂತು ನಿಂತು ಮೂಸಲಿ. ರಸ್ತೆಯಲ್ಲಿ ಹಗ್ಗ ಬಿಚ್ಚುವುದು ಮಾತ್ರ ಬೇಡ. ಚರಂಡಿಯ ಕಲ್ಲಿನಡಿ ಹೆಗ್ಗಣ ಸರಿದಾಡಿದ ಸದ್ದು ಕಿವಿಗೆ ಬಿದ್ದರೆ ನಿಮ್ಮ ಕರೆ ಕೇಳಿಸುವುದಿಲ್ಲ, ಎದುರಿಗೆ ಬೀದಿನಾಯಿಗಳ ಗುಂಪಿದ್ದರೂ ತನ್ನ ಗಾತ್ರ ಅವಳಿಗೆ ನೆನಪಿರುವುದಿಲ್ಲ.

ಮಳೆ ಸುರಿವ ದಿನಕ್ಕೆ ನಮ್ಮಲ್ಲೊಂದು ಆಟ ಇದೆ. ಹಳೆಯ ರಟ್ಟಿನ ಡಬ್ಬದಲ್ಲಿ ಸೀರೆಯ ಚೂರುಗಳನ್ನು ತುಂಬಿ, ನಡುನಡುವೆ ಅವಳ ಮಧ್ಯಾಹ್ನದ ಊಟದ ಕಾಳು ಹುದುಗಿಸಿಡುತ್ತೇನೆ. ಪುಟ್ಟಿ ಮೂತಿ ಹಾಕಿ, ಮುಂಗಾಲಲ್ಲಿ ಕೆರೆದು, ಚೂರುಗಳನ್ನು ಹಿಡಿದು ಒದರಿ ಎಸೆಯುತ್ತಾಳೆ. ಹದಿನೈದು ನಿಮಿಷದ ಈ ಕೆಲಸ ಮುಗಿದರೆ ಎರಡು ಗಂಟೆ ನೆಮ್ಮದಿಯ ನಿದ್ದೆ. ಸೋಫಾದ ಅಂಚು ಹರಿಯುವುದು ನಿಂತದ್ದು ಈ ಡಬ್ಬದಿಂದ.

ಮರಿ ತರುವ ಮುನ್ನ

ಚಹಾ ಕಪ್ಪಿನಲ್ಲಿ ಹಿಡಿಸುವಷ್ಟು ಪುಟ್ಟದೆಂದು ಮಾರುವ ಟೀಕಪ್ ಯಾರ್ಕಿ ಎಂಬ ತಳಿ ಯಾವ ಕೆನಲ್ ಕ್ಲಬ್ಬಿನ ಪುಸ್ತಕದಲ್ಲೂ ಇಲ್ಲ. ಅದು ವ್ಯಾಪಾರದ ಹೆಸರು. ಬೆಳವಣಿಗೆ ಕುಂಠಿತವಾದ ಮರಿಗಳನ್ನು ಒಂದಕ್ಕೊಂದು ಕೂಡಿಸಿಯೋ, ವಯಸ್ಸು ಸುಳ್ಳು ಹೇಳಿಯೋ ಮಾರುತ್ತಾರೆ. ನಮ್ಮ ದೇಶದಲ್ಲಿ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಯಾರ್ಕಿಗಂತೂ ಹತ್ತು ಹನ್ನೆರಡು ವಾರ ತಾಯಿಯ ಬಳಿ ಇದ್ದರೆ ಇನ್ನೂ ಒಳ್ಳೆಯದು. ತಾಯಿಯನ್ನು ತೋರಿಸಿ ಎಂದು ಕೇಳಿ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಮರಿ ಕೈಗಿಡುತ್ತೇವೆ ಎಂದರೆ ವಾಪಸು ಬನ್ನಿ. ತಾಯಿಯ ಮಂಡಿ ಪರೀಕ್ಷೆ ಆಗಿದೆಯೇ, ಮರಿಯ ಬೈಲ್ ಆಸಿಡ್ ನೋಡಿಸಿದ್ದಾರೆಯೇ ಕೇಳಿ. ಒಳ್ಳೆಯವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ತಿರುಗಿ ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಹಗಲು ಯಾರಿರುತ್ತಾರೆ ಎಂಬುದು ಅದರಲ್ಲಿ ಮುಖ್ಯವಾದದ್ದು. ಹನ್ನೆರಡರಿಂದ ಹದಿನೈದು ವರ್ಷ ಬದುಕುವ ಜೀವ ಇದು, ಅದಕ್ಕೆ ಉತ್ತರ ನಿಮ್ಮ ಬಳಿ ಇರಬೇಕು.

ಮರಿಯನ್ನು ಮನೆಗೆ ತಂದ ದಿನ ನೆಂಟರಿಷ್ಟರನ್ನು ಕರೆಯಬೇಡಿ. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರ ಮುಂದುವರಿಸಿ. ತಾಯಿಯ ವಾಸನೆ ಇರುವ ಬಟ್ಟೆಯ ಚೂರೊಂದನ್ನು ಕೇಳಿ ತಂದು ಹಾಸಿಗೆಯಲ್ಲಿಡಿ. ರಾತ್ರಿ ಹನ್ನೊಂದಕ್ಕೆ ಒಂದು ತುತ್ತು, ಬೆಳಿಗ್ಗೆ ಐದಕ್ಕೆ ಇನ್ನೊಂದು. ಮೊದಲ ನಾಲ್ಕಾರು ರಾತ್ರಿ ಅಲಾರಂ ಇಟ್ಟುಕೊಂಡೇ ಮಲಗಿ, ಜೇನಿನ ಬಾಟಲಿ ಕೈಗೆಟಕುವಲ್ಲಿರಲಿ.